ತೆರೆಶಾಸನಗಳು: ದಂಡು ಪ್ರದೇಶ ಹಾಗೂ ಪೂರ್ವ ಬೆಂಗಳೂರಿನ ಸೆಟ್‌ಟಾಪ್ ಬಾಕ್ಸ್‌ಗಳ ಶಾಸನಶಾಸ್ತ್ರೀಯ ಅಧ್ಯಯನ

ಬೆಂಗಳೂರು ಸೀಮೆಯ ಶಾಸನಗಳ ಶೋಧ 1905ರಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಹೊರತಂದಾಗಲೇ ಬಹುಮಟ್ಟಿಗೆ ಮುಗಿಯಿತೆಂಬ ನಂಬಿಕೆ ಬೇರೂರಿರುವುದರಿಂದ, ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳ ನೆರೆಯಲ್ಲೇ ಇರುವ ಇಂದಿರಾನಗರದ ಮನೆಗಳಲ್ಲಿ, ರಾತ್ರಿಯ ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ, ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳಲ್ಲಿ ಪ್ರಕಟವಾಗುವ ಶಾಸನವರ್ಗವೊಂದು ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿದೆ. ಟಿ.ವಿ. ತೆರೆಯ ಮೇಲೆ ತಾನಾಗಿ ಮೂಡಿ, ಮನೆಯವರು ಏನನ್ನೂ ಮುಟ್ಟಬಾರದೆಂದು ವಿಧಿಸಿ, ತನ್ನ ಕೆಲಸ ಮುಗಿದ ಮೇಲೆ (ಅಥವಾ ಮುಗಿಯದೆಯೇ) ಮರೆಯಾಗುವ ಈ ಬರಹಗಳನ್ನು ಪ್ರಸ್ತುತ ಅಧ್ಯಯನವು 'ತೆರೆಶಾಸನ'ಗಳೆಂದು ಕರೆಯುತ್ತದೆ. ಜನರ ಬಾಯಲ್ಲಿ ಇದಕ್ಕೆ 'ಬಾಕ್ಸ್ ಅಪ್‌ಡೇಟ್ ಕೇಳ್ತಾ ಇದೆ' ಎಂಬ ಹೆಸರೇ ರೂಢಿಯಲ್ಲಿದ್ದು, ಕೇಳುವುದೆಂದರೆ ಇಲ್ಲಿ ಅನುಮತಿ ಬೇಡುವುದೇನೂ ಅಲ್ಲವೆಂಬುದು ಬಳಕೆದಾರರಿಗೆ ತಡವಾಗಿ ತಿಳಿಯುತ್ತದೆ.

ಶಾಸನದ ವಸ್ತು ಫರ್ಮ್‌ವೇರ್. ಯಂತ್ರದ ಒಡಲಿಗೂ ಅದರ ಮೇಲೆ ಓಡಾಡುವ ತಂತ್ರಾಂಶಕ್ಕೂ ನಡುವೆ ನೆಲೆಸಿ, ಪ್ಲಗ್ ಹಾಕಿದೊಡನೆ ಎಲ್ಲಕ್ಕಿಂತ ಮೊದಲು ಎಚ್ಚೆತ್ತು, ರಿಮೋಟಿನ ಗುಂಡಿ ಒತ್ತಿದರೆ ಏನಾಗಬೇಕು, ಯಾವ ಚಾನೆಲ್ಲಿಗೆ ಹಣ ಕಟ್ಟಿಲ್ಲ ಎಂಬಂಥ ಸಂಗತಿಗಳನ್ನು ಪೆಟ್ಟಿಗೆಗೆ ನೆನಪು ಮಾಡಿಕೊಡುವ ಆದೇಶಗಳ ಕಂತೆಗೆ ಈ ಹೆಸರಿದೆ. 1967ರಲ್ಲಿ ಆಷರ್ ಓಪ್ಲರ್ ಎಂಬ ಅಮೆರಿಕದ ಗಣಕತಜ್ಞರು ಈ ಹೆಸರನ್ನು ಟಂಕಿಸಿದಾಗ ಅದು ಗಣಕದ ಗರ್ಭದಲ್ಲಿನ ಸೂಕ್ಷ್ಮ ಆದೇಶಗಳಿಗಷ್ಟೇ ಅನ್ವಯಿಸುತ್ತಿತ್ತು. ಅದು ಮುಂದೊಂದು ದಿನ ಹಲಸೂರಿನ ಪಡಸಾಲೆಯೊಂದರಲ್ಲಿ ಅಜ್ಜಿಯ ಪುರಾಣ ಪ್ರವಚನವನ್ನು ಅರ್ಧಕ್ಕೆ ನಿಲ್ಲಿಸೀತೆಂದು ಅವರು ಊಹಿಸಿರಲಾರರು.

ಕಾಲನಿರ್ಣಯದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿಗೆ ದೂರದರ್ಶನ ಬಂದ 1981ರಿಂದ ಹಿಡಿದು ಮೂರು ದಶಕಗಳ ಕಾಲವನ್ನು ಶಾಸನಪೂರ್ವ ಯುಗವೆನ್ನಬಹುದು. ಆಗ ಜೆ.ಸಿ. ನಗರದ ಕೇಂದ್ರದಿಂದ ಹೊರಟ ಚಿತ್ರ ಚುಕ್ಕಿಚುಕ್ಕಿಯಾಗಿ ಬಂದರೆ ಮನೆಯ ಹುಡುಗನೊಬ್ಬ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತ 'ಬಂತಾ?' ಎಂದು ಕೂಗುವುದೂ, ಕೆಳಗಿನಿಂದ 'ಬಂತು, ಕೈ ಬಿಡಬೇಡ!' ಎಂಬ ಉತ್ತರ ಬರುವುದೂ ದುರಸ್ತಿಯ ಸಂಪೂರ್ಣ ವಿಧಾನವಾಗಿತ್ತು. ಕೇಬಲ್ ಟಿ.ವಿ. ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ, ಡಿಜಿಟಲೀಕರಣದ ಎರಡನೆಯ ಹಂತದ 38 ನಗರಗಳಲ್ಲಿ ಬೆಂಗಳೂರೂ ಸೇರಿ, 2013ರ ಮಾರ್ಚ್ 31ರ ಗಡುವು ಬಂದಾಗ ಕೇಬಲ್ಲಿನ ಮನೆಗಳಿಗೆಲ್ಲ ಪೆಟ್ಟಿಗೆ ಕಡ್ಡಾಯವಾಯಿತು. ಪೆಟ್ಟಿಗೆಯ ಜೊತೆಗೆ ಫರ್ಮ್‌ವೇರ್ ಬಂತು, ಫರ್ಮ್‌ವೇರ್ ಜೊತೆಗೆ ಶಾಸನ ಬಂತು. ಹುಡುಗ ತಾರಸಿಯಿಂದ ಇಳಿದ.

ತೆರೆಶಾಸನದ ಅಂಗಗಳನ್ನು ನಾಡಿನ ದಾನಶಾಸನಗಳ ಅಂಗಗಳೊಂದಿಗೆ ತಾಳೆ ನೋಡಿದಾಗ ಎರಡರ ರಚನೆಯೂ ಬೆರಗುಗೊಳಿಸುವಷ್ಟು ಹೊಂದುತ್ತದೆ. ದಾನಶಾಸನವು ಸ್ವಸ್ತಿವಾಚನದಿಂದ ತೊಡಗಿದರೆ ತೆರೆಶಾಸನವು ಕಂಪನಿಯ ಲಾಂಛನದಿಂದ ತೊಡಗುತ್ತದೆ. ಅಲ್ಲಿ ಅರಸನ ಬಿರುದುಗಳನ್ನು ಸಾಲಾಗಿ ಹೊಗಳುವ ಪ್ರಶಸ್ತಿಭಾಗವಿದ್ದಂತೆ ಇಲ್ಲಿ 'ಇನ್ನೂ ವೇಗದ, ಇನ್ನೂ ಸುಂದರವಾದ ಹೊಸ ಅನುಭವ' ಎಂಬ ಮಾದರಿಯ ಸ್ತುತಿಯಿದೆ. ಆನಂತರದ ದಾನಭಾಗದಲ್ಲಿ ಮಾತ್ರ ದಾರಿಗಳು ಬೇರೆಯಾಗುತ್ತವೆ. ಹಳೆಯ ಶಾಸನಕಾರನು ಕೊಟ್ಟ ಭೂಮಿಯ ಮೂಡಣ ಗಡಿಗೆ ಯಾವ ಕೆರೆ, ತೆಂಕಣ ಗಡಿಗೆ ಯಾವ ಹುಣಸೆಮರ ಎಂದು ಬಿಡಿಸಿ ಹೇಳದೆ ಮುಂದೆ ಹೋಗುತ್ತಿರಲಿಲ್ಲ. ತೆರೆಶಾಸನವಾದರೋ 'ಕೆಲವು ದೋಷಗಳನ್ನು ಸರಿಪಡಿಸಲಾಗಿದೆ, ಸ್ಥಿರತೆಯನ್ನು ಹೆಚ್ಚಿಸಲಾಗಿದೆ' ಎಂದಷ್ಟೇ ಸಾರಿ, ದೋಷ ಯಾವುದಿತ್ತು, ನಿನ್ನೆಯವರೆಗೆ ಚೆನ್ನಾಗಿಯೇ ಓಡುತ್ತಿದ್ದ ಪೆಟ್ಟಿಗೆಯ ಸ್ಥಿರತೆಗೆ ಏನಾಗಿತ್ತು, ಧ್ವನಿಯೂ ತುಟಿಯೂ ಬೇರೆ ಬೇರೆಯಾದದ್ದು ಈ ಹೆಚ್ಚಳದ ಫಲವೇ ಎಂಬ ಪ್ರಶ್ನೆಗಳಿಗೆ ಎಡೆಯನ್ನೇ ಕೊಡುವುದಿಲ್ಲ.

ಶಾಪಾಶಯದ ಭಾಗ ಇನ್ನಷ್ಟು ವಿಚಾರಾರ್ಹ. ಶಾಸನದ ಕೊನೆಯಲ್ಲಿ ಬರುವ, ದಾನವನ್ನು ಕೆಡಿಸಿದವರಿಗೆ ತಟ್ಟುವ ಪಾಪವನ್ನು ಹೇಳುವ ಮಾತಿಗೆ ಶಾಪಾಶಯವೆಂದು ಹೆಸರು. ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಗತಿ ಇವೆಲ್ಲ ಅಲ್ಲಿ ಮೀಸಲಾಗಿದ್ದದ್ದು ದಾನವನ್ನು ಮುಂದೆ ಕಿತ್ತುಕೊಳ್ಳಬಹುದಾದ ಅರಸರಿಗೆ, ಅಧಿಕಾರಿಗಳಿಗೆ. 'ಅಪ್‌ಡೇಟ್ ನಡೆಯುವಾಗ ವಿದ್ಯುತ್ ಸಂಪರ್ಕ ತಪ್ಪಿಸಬೇಡಿ, ತಪ್ಪಿಸಿದರೆ ಉಪಕರಣ ಶಾಶ್ವತವಾಗಿ ಕೆಡಬಹುದು' ಎಂಬ ತೆರೆಶಾಸನದ ಶಾಪವು ನೇರವಾಗಿ ದಾನ ಪಡೆದವನ ತಲೆಯ ಮೇಲೆಯೇ ಬೀಳುತ್ತದೆ. ಕೊಟ್ಟವನು ಕೊಟ್ಟದ್ದನ್ನು ಹಿಂತೆಗೆದುಕೊಂಡರೆ, ಹಣ ಕೊಟ್ಟು ಕೊಂಡ ಪೆಟ್ಟಿಗೆಯಿಂದ ಒಂದು ಆ್ಯಪ್ಪನ್ನು ಬೆಳಗಾಗುವುದರೊಳಗೆ ಮಾಯ ಮಾಡಿದರೆ, ಅವನಿಗೆ ಯಾವ ಹುಳುವಿನ ಜನ್ಮವೂ ವಿಹಿತವಾಗಿಲ್ಲ. ಶಾಸನಪರಂಪರೆಯಲ್ಲಿ ಇಷ್ಟು ದೊಡ್ಡ ಪಲ್ಲಟ ಸಂಭವಿಸಿದರೂ ಅದನ್ನು ಕುರಿತು ಒಂದು ಮಹಾಪ್ರಬಂಧವೂ ಸಲ್ಲಿಕೆಯಾಗದಿರುವುದು ಖೇದದ ಸಂಗತಿ.

ಶಾಪ ಫಲಿಸುವ ಬಗೆಯನ್ನು ಭೌತಿಕವಾಗಿಯೂ ವಿವರಿಸಬಹುದು. ಪೆಟ್ಟಿಗೆಯೊಳಗಿನ ಫ್ಲ್ಯಾಶ್ ಸ್ಮರಣೆಯೆಂಬುದು ಕರೆಂಟು ಹೋದರೂ ಬರಹವನ್ನು ಉಳಿಸಿಕೊಳ್ಳುವ ಪಟವಾಗಿದ್ದು, ಅದರ ಮೇಲೆ ಹೊಸದನ್ನು ಬರೆಯಬೇಕಾದರೆ ಒಂದಿಡೀ ತುಂಡನ್ನು ಮೊದಲು ಅಳಿಸಲೇಬೇಕು. ಅಳಿಸಿದ್ದಕ್ಕೂ ಬರೆದದ್ದಕ್ಕೂ ನಡುವೆ ಕರೆಂಟು ಹೋದರೆ ಪಾಠವು ತ್ರುಟಿತವಾಗಿ, ಯಂತ್ರವು ತಾನು ಯಾರೆಂಬುದನ್ನೇ ಮರೆತು, ಲಾಂಛನ ತೋರಿಸುವುದು, ಆರುವುದು, ಮತ್ತೆ ಲಾಂಛನ ತೋರಿಸುವುದು ಎಂಬ ಪುನರಪಿ ಜನನಕ್ಕೆ ಸಿಲುಕುತ್ತದೆ. ಹಳೆಯ ಪಾಠವನ್ನು ಒಂದು ಕಡೆ ಉಳಿಸಿಕೊಂಡು ಹೊಸ ಪಾಠವನ್ನು ಇನ್ನೊಂದು ಕಡೆ ಬರೆಯುವ ಜೋಡಿಪಟದ ವಿಧಾನವನ್ನು ಆಂಡ್ರಾಯ್ಡ್ 2016ರ ತನ್ನ ಏಳನೆಯ ಆವೃತ್ತಿಯಲ್ಲೇ ತಂದಿದ್ದರೂ, ಸ್ಮರಣೆಯಲ್ಲಿ ಜಿಪುಣತನ ಮಾಡಿದ ಅಗ್ಗದ ಪೆಟ್ಟಿಗೆಗಳಿಗೆ ಆ ಭಾಗ್ಯವಿಲ್ಲ. ಡಿಶ್ ಇರುವ ಮನೆಗಳಲ್ಲಿ ಹೊಸ ಪಾಠವು ಉಪಗ್ರಹದ ಸಂಕೇತದೊಂದಿಗೇ ಇಳಿಯುವುದರಿಂದ ಮಳೆಯೂ ಒಂದು ಪಾಠದೋಷವಾಗಿ ಪರಿಣಮಿಸುತ್ತದೆ. ಡಿಶ್ಶಿನವರು ಬಳಸುವ ಕೆಯು ತರಂಗಗಳು ಜೋರು ಮಳೆಯಲ್ಲಿ ಕ್ಷೀಣಿಸುವ ಸ್ವಭಾವದವು, ಮೇ ತಿಂಗಳ ಸಂಜೆ ಈ ಊರಿನಲ್ಲಿ ಮೊದಲು ಗಾಳಿ, ಆಮೇಲೆ ಮಳೆ, ಕೂಡಲೇ ಬೆಸ್ಕಾಂ ಎಂಬ ಅನುಕ್ರಮಕ್ಕೆ ಅಪವಾದ ಅಪರೂಪ.

ತೆರೆಶಾಸನದಲ್ಲಿ ಶಕವರ್ಷ, ಸಂವತ್ಸರ, ತಿಥಿಗಳ ಬದಲಿಗೆ ಶೇಕಡಾವಾರು ಅಂಕಿ ಇರುತ್ತದೆ. ಒಂದರಿಂದ ತೊಂಬತ್ತೊಂಬತ್ತರವರೆಗಿನ ಕಾಲವು ಒಂದು ಲೋಟ ಕಾಫಿಗೆ ಸಾಲುವಷ್ಟಿದ್ದು, ತೊಂಬತ್ತೊಂಬತ್ತರಿಂದ ನೂರಕ್ಕೆ ಹೋಗುವ ಕಾಲವನ್ನು ಯುಗಮಾನದಲ್ಲಿ ಅಳೆಯಬೇಕಾಗುತ್ತದೆ. ಇಳಿಸಿಕೊಂಡದ್ದನ್ನು ತಾಳೆ ನೋಡುವ ಕೆಲಸ ಕೊನೆಗೆ ಉಳಿದಿರುತ್ತದೆಂಬ ತಾಂತ್ರಿಕರ ಸಮಜಾಯಿಷಿಯನ್ನು ಒಪ್ಪಬಹುದಾದರೂ, ಪೂರ್ವ ಬೆಂಗಳೂರಿಗರಿಗೆ ಈ ಕಾಲಮಾನ ಹೊಸದಲ್ಲ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಬಂದಿತ್ತು, ಬೈಯಪ್ಪನಹಳ್ಳಿಯವರೆಗೆ 2011ರಿಂದಲೇ ಇತ್ತು, ನಡುವಿನ ಸುಮಾರು 2 ಕಿಲೋಮೀಟರು ಮಾತ್ರ ಅಕ್ಟೋಬರ್ 9ರವರೆಗೆ ಕೂಡಿಕೊಳ್ಳಲಿಲ್ಲ. ಅಷ್ಟು ದಿನ ಬಸ್ಸಿನಲ್ಲಿ ಆ ಶೇಕಡ ಒಂದನ್ನು ದಾಟಿದ ಜನಕ್ಕೆ ತೆರೆಯ ಮೇಲಿನ 99 ಎಂಬ ಅಂಕಿ ಅಷ್ಟಾಗಿ ಧೃತಿಗೆಡಿಸುವುದಿಲ್ಲ.

ಪರಿಹಾರಮೀಮಾಂಸೆಯಲ್ಲಿ ಎರಡು ಪಂಥಗಳಿವೆ. ಕಾಯಬೇಕೆಂಬುದು ಪೂರ್ವಪಕ್ಷ, ಪ್ಲಗ್ ಕಿತ್ತು ಹಾಕಬೇಕೆಂಬುದು ಸಿದ್ಧಾಂತ. ಎರಡನೆಯ ಪಂಥದ ಪರಮಾಚಾರ್ಯನೆಂದರೆ ಕೇಬಲ್ ಹುಡುಗ. ಅವನ ಉಪದೇಶವು ಫೋನಿನಲ್ಲಿ ಪ್ರಶ್ನೋತ್ತರ ರೂಪದಲ್ಲಿ ನಡೆಯುತ್ತದೆ. 'ಅಮ್ಮಾ, ಲೈಟ್ ಯಾವ ಕಲರ್ ಬರ್ತಾ ಇದೆ?' 'ಕೆಂಪಪ್ಪಾ.' 'ಆಫ್ ಮಾಡಿ ಆನ್ ಮಾಡಿ.' 'ಮಾಡಿದೆನಪ್ಪಾ.' 'ಈಗ?' 'ಕೆಂಪೇ.' 'ಹತ್ತು ನಿಮಿಷ ಬಿಟ್ಟು ಮಾಡಿ ಅಮ್ಮಾ, ಇಲ್ಲೇ ಹಲಸೂರು ಮಾರ್ಕೆಟ್ ಹತ್ರ ಇದ್ದೀನಿ, ಬಂದೆ.' ಇಲ್ಲಿನ 'ಬಂದೆ' ಎಂಬ ಭೂತಕಾಲದ ಕ್ರಿಯಾಪದವು ಭವಿಷ್ಯದ ಯಾವ ಘಟ್ಟವನ್ನು ಸೂಚಿಸುತ್ತದೆಂಬುದನ್ನು ವೈಯಾಕರಣರಿಗೆ ಬಿಡುವುದು ಕ್ಷೇಮ.

ದಾನವು ಸೂರ್ಯಚಂದ್ರರಿರುವವರೆಗೆ ನಡೆಯಲೆಂಬ ಆಚಂದ್ರಾರ್ಕ ವಾಕ್ಯವನ್ನು ತೆರೆಶಾಸನಗಳಲ್ಲಿ ಹುಡುಕುವುದು ವ್ಯರ್ಥ. ಅವಧಿಯನ್ನು ಅಲ್ಲಿ ಗುಪ್ತಲಿಪಿಯಲ್ಲಿ ಅಡಗಿಸಿಟ್ಟಿರುತ್ತಾರೆ. 2025ರ ಮಾರ್ಚ್ 9ರಂದು ಜಗತ್ತಿನಾದ್ಯಂತ, ಟಿ.ವಿ.ಗೆ ಸಿಕ್ಕಿಸುವ ಗೂಗಲ್ ಉಪಕರಣಗಳಾದ ಎರಡನೆಯ ಪೀಳಿಗೆಯ ಕ್ರೋಮ್‌ಕಾಸ್ಟ್‌ಗಳು ಒಮ್ಮೆಗೇ ಕೆಲಸ ನಿಲ್ಲಿಸಿದಾಗ ಬಯಲಾದ ಕಾರಣವೆಂದರೆ, ಉಪಕರಣ ಅಸಲಿಯೆಂದು ಸಾಕ್ಷಿ ಹೇಳುವ ಡಿಜಿಟಲ್ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಆಯುಷ್ಯವನ್ನಷ್ಟೇ ಬರೆಯಲಾಗಿತ್ತು, ಆ ಆಯುಷ್ಯ ಅಂದಿಗೆ ತೀರಿತ್ತು. ಸರಿಪಡಿಸುವ ಅಪ್‌ಡೇಟ್ ಕೆಲವೇ ದಿನಗಳಲ್ಲಿ ಬಂದರೂ, ಅಷ್ಟರಲ್ಲಿ ಪೆಟ್ಟಿಗೆಯನ್ನು ಮೊದಲ ಸ್ಥಿತಿಗೆ ಮರಳಿಸಬೇಡಿರೆಂದು ಗೂಗಲ್ ವಿನಂತಿಸಬೇಕಾಯಿತು, ಯಾಕೆಂದರೆ ಜನ ಮೊದಲು ಮಾಡುವುದೇ ಅದನ್ನು. ಕೆ.ಆರ್. ಪುರದ ದೂರವಾಣಿನಗರದಲ್ಲಿ 1948ರಿಂದ ನೆಲೆಗೊಂಡ ಐ.ಟಿ.ಐ. ಕಾರ್ಖಾನೆಯ ಕಪ್ಪು ಡಯಲ್ ಫೋನು ಸಾಲ ಕೇಳುವ ನೆಂಟರ ದನಿಯನ್ನು ದಶಕಗಳ ಕಾಲ ನಿಷ್ಠೆಯಿಂದ ತಲುಪಿಸಿತೇ ಹೊರತು ತನಗಾಗಿ ಏನನ್ನೂ ಕೇಳಲಿಲ್ಲವೆಂಬುದನ್ನು ಹೋಲಿಕೆಗಾಗಿ ದಾಖಲಿಸಬಹುದು.

ಕೊನೆಗುಳಿಯುವುದು ಲಿಪಿಕಾರನ ಪ್ರಶ್ನೆ. ಹಳೆಯ ಶಾಸನಗಳಲ್ಲಿ ಬರೆದವನೂ ಕಂಡರಿಸಿದ ರೂವಾರಿಯೂ ಎಷ್ಟೋ ಸಲ ಹೆಸರು ಹೇಳಿಕೊಳ್ಳುತ್ತಾರೆ, ತೆರೆಶಾಸನಕ್ಕೆ ಅಂಕಿತವಿಲ್ಲ. ಆದರೂ ರೂವಾರಿಗಳನ್ನು ದೂರ ಹುಡುಕಬೇಕಾಗಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ, ಸೋನಾ ಟವರ್ಸ್ ಕಟ್ಟಡದಲ್ಲಿ ಬಿಡಾರ ಹೂಡಿ, ಉಪಗ್ರಹ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ತರಿಸಿಕೊಂಡಂದಿನಿಂದ ಪರದೇಶದ ಯಂತ್ರಗಳಿಗೆ ಆದೇಶ ಬರೆಯುವ ಕಸುಬು ಈ ಸೀಮೆಯಲ್ಲಿ ಬೇರುಬಿಟ್ಟಿದೆ. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಹಗಲೆಲ್ಲ ಯಾವುದೋ ಖಂಡದ ಪೆಟ್ಟಿಗೆಗಳ ಫರ್ಮ್‌ವೇರ್ ತಿದ್ದಿ ಮನೆಗೆ ಮರಳಿದ ಎಂಜಿನಿಯರನನ್ನು ತಂದೆ 'ನೀನು ಕಂಪ್ಯೂಟರ್ ಓದಿದ್ದೀಯಲ್ಲ, ಇದನ್ನೊಂದು ನೋಡಪ್ಪ' ಎಂದು ಟಿ.ವಿ.ಯ ಮುಂದೆ ನಿಲ್ಲಿಸುವುದೂ, ಅವನು ತುಸು ಹೊತ್ತು ತೆರೆಯನ್ನು ದಿಟ್ಟಿಸಿ ಪ್ಲಗ್ ಕಿತ್ತು ಹಾಕುವುದೂ ಈ ಸೀಮೆಯ ಮನೆಗಳಲ್ಲಿ ಕಾಣಸಿಗುವ ದೃಶ್ಯ. ಕೇಬಲ್ ಹುಡುಗನ ಪಂಥಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಶಾಪ ಫಲಿಸಿ ಜಡವಾದ ಪೆಟ್ಟಿಗೆಗಳು ವೀರಗಲ್ಲುಗಳ ವರ್ಗಕ್ಕೆ ಸೇರುತ್ತವೆ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಎಂಬ ಮೂರು ಪಟ್ಟಿಕೆಗಳಿರುವಂತೆ, ಮನೆಯ ಅಟ್ಟದಲ್ಲಿ ಕೆಳಗೆ ವಿ.ಸಿ.ಪಿ., ನಡುವೆ ಡಿ.ವಿ.ಡಿ. ಪ್ಲೇಯರ್, ಮೇಲೆ ಸೆಟ್‌ಟಾಪ್ ಬಾಕ್ಸ್ ಎಂಬ ಕ್ರಮವನ್ನು ಪಾಲಿಸಲಾಗುತ್ತದೆ. ಹಬ್ಬಕ್ಕೆ ಮನೆ ತೊಳೆಯುವಾಗ ಇವು ಶಿವಾಜಿನಗರದ ಗುಜರಿಗೆ ಹೋಗಿ, ಸ್ತುತಿ, ದಾನ, ಶಾಪಗಳ ಸಮೇತ ತೂಕಕ್ಕೆ ಬೀಳುತ್ತವೆ. ರಿಮೋಟನ್ನು ಮಾತ್ರ ಯಾರೂ ಕೊಡುವುದಿಲ್ಲ. ಮೊನ್ನೆ ತಾನೇ ಹೊಸ ಸೆಲ್ ಹಾಕಿಸಿದ್ದೆಂಬ ಕಾರಣಕ್ಕೆ ಅದನ್ನು ಒರೆಸಿ ಶೋಕೇಸಿನಲ್ಲಿಯೇ ಇಡುತ್ತಾರೆ.