ಊರು ಬ್ಯಾಡ, ಊರಿನ ರೇಟು ಬೇಕು

ಕೊಲ್ಹಾಪುರದಲ್ಲಿ ಜುಲೈ, ಆಗಸ್ಟ್ ಎರಡು ತಿಂಗಳು ಎಲ್ಲರ ಬಾಯಲ್ಲೂ ‘ಎಷ್ಟು ಫುಟ್?’ ಉಳಿದ ಹತ್ತು ತಿಂಗಳು ‘ಫುಟ್‌ಗೆ ಎಷ್ಟು?’ ಮೊದಲನೆಯದು ಪಂಚಗಂಗೆಯ ರಾಜಾರಾಮ ಬಂಧಾರದ ನೀರಿನ ಮಟ್ಟ. 39 ಅಡಿಗೆ ಎಚ್ಚರಿಕೆ, 43ಕ್ಕೆ ಅಪಾಯ ಎಂದು ಮೂರನೇ ಇಯತ್ತೆಯ ಹುಡುಗನೂ ಹೇಳುತ್ತಾನೆ. ಎರಡನೆಯದು ಜಾಗದ ರೇಟು, ಅದಕ್ಕೆ ಎಚ್ಚರಿಕೆಯ ಮಟ್ಟವೂ ಇಲ್ಲ, ಅಪಾಯದ ಮಟ್ಟವೂ ಇಲ್ಲ. 2019ರಲ್ಲಿ ನದಿ 55 ಅಡಿ ದಾಟಿತು, 2021ರಲ್ಲಿ ಅದನ್ನೂ ಮೀರಿತು. ಎರಡೂ ಸಲ ಪುಣೆ–ಬೆಂಗಳೂರು ಹೆದ್ದಾರಿ ಶಿರೋಲಿ ಬಳಿ ಮುಳುಗಿತು, ಲಾರಿಗಳು ದಿನಗಟ್ಟಲೆ ನಿಂತಲ್ಲೇ ನಿಂತವು. ಆಮೇಲೆ ನೀರು ಇಳಿಯಿತು. ರೇಟು ಇಳಿಯಲಿಲ್ಲ.

ನೀರು ಎಲ್ಲಿಯವರೆಗೆ ಬರುತ್ತದೆಂದು ಗೊತ್ತಾಗಲಿ ಎಂದು ಜಲಸಂಪನ್ಮೂಲ ಇಲಾಖೆಯವರು ನಕಾಶೆಯ ಮೇಲೆ ಎರಡು ಗೆರೆ ಎಳೆದಿದ್ದಾರೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರುವ ನೆರೆಯದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರುವುದರದು. ನೀಲಿಯ ಒಳಗೆ ಮನೆ ಕಟ್ಟುವಂತಿಲ್ಲ. ನೀಲಿಗೂ ಕೆಂಪಿಗೂ ನಡುವೆ ಕಟ್ಟುವುದಾದರೆ ಪಾಯ ಎತ್ತರಿಸಬೇಕು. ಇದರ ಬಗ್ಗೆ ನಾಗರಿಕರ ಅಭಿಪ್ರಾಯದಲ್ಲಿ ಒಡಕೇ ಇಲ್ಲ: ಗೆರೆ ಇರಲೇಬೇಕು, ನಮ್ಮ ಕಂಪೌಂಡಿನ ಆಚೆ. ಪ್ಲಾಟ್ ಕೊಳ್ಳುವ ಮುಂಚೆ ಗೆರೆ ಎಲ್ಲಿದೆ ಎಂದು ಕೇಳುವುದು ಅಪಶಕುನ. ಕೊಂಡ ಮೇಲೆ ಆ ಗೆರೆ ಅಶಾಸ್ತ್ರೀಯ, ಮತ್ತೊಮ್ಮೆ ಅಳೆಯಿರಿ ಎಂದು ಅರ್ಜಿ. ನದಿಯೂ ಶಾಸ್ತ್ರ ಓದಿಕೊಂಡಿಲ್ಲ. 2005, 2019, 2021 ಎಂದು ಮನಸ್ಸು ಬಂದಾಗ ಬಂದು ಹಾಜರಿ ಹಾಕಿ ಹೋಯಿತು.

ಹೊಳೆಯ ದಿಕ್ಕಿನಲ್ಲಿ ನನಗೊಂದು ಮನೆ ತೋರಿಸಲು ಕರೆದೊಯ್ದ ದಲಾಲನಿಗೆ ನಾನು ಬೆಳಗಾವಿ ಕಡೆಯವನೆಂದು ಗೊತ್ತಾಗಿದ್ದೇ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದ. ಕಂಪೌಂಡ್ ಗೋಡೆಗೆ ನನ್ನ ನೆತ್ತಿಯ ಮಟ್ಟದವರೆಗೆ ಹೊಸ ಡಿಸ್ಟೆಂಪರ್, ಅದರ ಮೇಲಕ್ಕೆ ಹಳೆಯ ಬಣ್ಣ. ಎರಡರ ನಡುವಿನ ಗಡಿ ನೂಲು ಹಿಡಿದು ಎಳೆದಷ್ಟು ನೇರ, ಗೇಟು, ಮೀಟರ್ ಪೆಟ್ಟಿಗೆ, ಪಕ್ಕದ ಮನೆಯ ಗೋಡೆ ಎಲ್ಲದರ ಮೇಲೂ ಅದೇ ಎತ್ತರದಲ್ಲಿ ಸಾಗಿತ್ತು.

“ಇದೇನಪಾ ಇದು?”

“ಡಿಸೈನ್ ರೀ ಸಾಹೇಬ್ರ. ಡಬಲ್ ಕಲರ್. ಈಗ ಇದs ನಡದೈತಿ.”

“ನೀರು ಬರ್ತದೇನು ಇಲ್ಲಿ?”

“ಬರಂಗಿಲ್ರೀ. ಬಂದ್ರೂ ನಿಲ್ಲಂಗಿಲ್ಲ. ನಿಂತ್ರೂ ಅದು ಅಲಮಟ್ಟಿ ನೀರು, ನಮ್ಮದಲ್ಲ.”

ಇದು ಅವನೊಬ್ಬನ ಅಭಿಪ್ರಾಯವಲ್ಲ, ಇಡೀ ಜಿಲ್ಲೆಯದು. ಕೊಲ್ಹಾಪುರದಲ್ಲಿ ಅಡುಗೆಮನೆಯ ಮೋರಿ ಕಟ್ಟಿಕೊಂಡರೂ ಕರ್ನಾಟಕದ ಅಲಮಟ್ಟಿ ಅಣೆಕಟ್ಟಿನ ಗೇಟು ಎಷ್ಟು ತೆರೆದಿದೆ ಎಂದು ಟಿವಿ ಹಚ್ಚುವವರಿದ್ದಾರೆ. 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ ವಡ್ನೇರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಮಿತಿ 2020ರಲ್ಲಿ ಕೊಟ್ಟ ವರದಿ ಅಲಮಟ್ಟಿಯನ್ನು ಬಿಟ್ಟು, ವಿಪರೀತ ಮಳೆ ಮತ್ತು ನದಿಪಾತ್ರದ ಅತಿಕ್ರಮಣದ ಕಡೆ ಬೆರಳು ತೋರಿಸಿತು. ಬೆರಳಿನ ತುದಿಯಲ್ಲಿ ಯಾರದೋ ಬಂಗಲೆ ಇತ್ತು, ಹಾಗಾಗಿ ವರದಿ ಕಪಾಟು ಸೇರಿತು, ಅಲಮಟ್ಟಿ ಮತ್ತೆ ಬಾಯಿಗೆ ಬಂತು. ಅಣೆಕಟ್ಟನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಬಗ್ಗೆ ಅಲ್ಲಿನವರಿಗಿರುವ ಭಯ ಬೇರೆ ಮಾತು, ಅದಕ್ಕೆ ನಮ್ಮವರು ಲೆಕ್ಕ ಕೊಟ್ಟೇ ಉತ್ತರ ಹೇಳಬೇಕು. ಹಾಗೆ ನೋಡಿದರೆ ನಗುವ ಹಕ್ಕು ನಮಗೂ ಇಲ್ಲ. ಕೆರೆ ಮುಚ್ಚಿ ಬಡಾವಣೆ ಮಾಡಿ, ಮಳೆ ಬಂದಾಗ ಮಳೆಯನ್ನು ಬೈಯುವವರು ಬೆಂಗಳೂರಿನವರು. ಅವರಿಗೆ ಬೈಯಲು ಪಕ್ಕದ ರಾಜ್ಯದಲ್ಲೊಂದು ಅಣೆಕಟ್ಟು ಸಿಕ್ಕಿಲ್ಲ, ಅಷ್ಟೇ ಅವರ ದುರದೃಷ್ಟ.

ಪಂಚಗಂಗೆ ಹೋಗಿ ಕೃಷ್ಣೆಯನ್ನು ಕೂಡುವ ನರಸೋಬಾವಾಡಿಯಲ್ಲಿ ದೇವರು ಈ ವಿಚಾರವನ್ನು ಎಂದೋ ಬಗೆಹರಿಸಿಕೊಂಡಿದ್ದಾನೆ. ನೆರೆ ಬಂದರೆ ನೀರು ಗರ್ಭಗುಡಿಗೆ ಬಂದು ಪಾದುಕೆ ಮುಟ್ಟಿ, ದಕ್ಷಿಣದ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಅದಕ್ಕೆ ದಕ್ಷಿಣದ್ವಾರ ಸೋಹಳಾ ಎಂದು ಹೆಸರು, ಭಕ್ತರು ಅದರಲ್ಲಿ ಮಿಂದು ಪುನೀತರಾಗುತ್ತಾರೆ. ಅದೇ ಭಕ್ತರು ಒದ್ದೆ ಬಟ್ಟೆ ಬದಲಿಸಿ ಫ್ಲಾಟ್ ನೋಡಲು ಹೋದಾಗ ಕೇಳುವ ಮೊದಲ ಮಾತು: “ಬಾಗಲಾ ದಕ್ಷಿಣಕ್ಕ ಇಲ್ಲ ಹೌದಲ್ರೀ? ವಾಸ್ತುಕ್ಕ ಆಗಂಗಿಲ್ಲ.” ಬಿಲ್ಡರನೂ ಪೂರ್ವಕ್ಕೆ ಬಾಗಿಲು ಇಟ್ಟುಕೊಟ್ಟಿದ್ದಾನೆ. ಬಂದ ನೀರು ಹೊರಗೆ ಹೋಗಲು ದಿಕ್ಕು ಕಾಣದೆ ಪಾರ್ಕಿಂಗಿನಲ್ಲಿ ಕೂತಿರುತ್ತದೆ.

ಇನ್ನು ರಾಜರ್ಷಿ ಶಾಹೂ ಮಹಾರಾಜರು. ಭೋಗಾವತಿಗೆ ಅಡ್ಡಲಾಗಿ ರಾಧಾನಗರಿ ಅಣೆಕಟ್ಟು ಕಟ್ಟಿಸಲು ಹೊರಟವರು, 1895ರಲ್ಲಿ ಶಾಹೂಪುರಿ ಪೇಟೆ ಹುಟ್ಟುಹಾಕಿ ಬೆಲ್ಲದ ವ್ಯಾಪಾರಕ್ಕೆ ಊರನ್ನು ತೆರೆದವರು. ಅವರ ಹೆಸರಿಲ್ಲದ ಲೇಔಟ್ ಸಿಗುವುದು ಕಷ್ಟ. ರಾಧಾನಗರಿಯಲ್ಲಿ ಏಳು ಸ್ವಯಂಚಾಲಿತ ಬಾಗಿಲುಗಳಿವೆ, ನೀರು ತುಂಬಿದೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಯಾರ ಫೋನೂ ಬಾರದೆ, ಯಾರ ಚೀಟಿಯೂ ಇಲ್ಲದೆ ನಡೆಯುವ ಸರ್ಕಾರಿ ಕೆಲಸ ಆ ಜಿಲ್ಲೆಯಲ್ಲಿ ಅದೊಂದೇ ಎಂದು ನನ್ನ ಅನುಮಾನ.

ಕೊಲ್ಹಾಪುರಕ್ಕೆ ಮಹಾನಗರಪಾಲಿಕೆ ಬಂದದ್ದು 1972ರಲ್ಲಿ. ಅಂದಿನಿಂದ ಊರಿನ ಹದ್ದು ಒಂದಿಂಚು ಸರಿದಿಲ್ಲ. ಊರು ಮಾತ್ರ ಹದ್ದಿನ ಮೇಲೆ ಕಾಲು ಚಾಚಿ ಉಚಗಾಂವ, ಪಾಚಗಾಂವ, ಕಳಂಬಾ, ಸರನೋಬತವಾಡಿ ದಾಟಿ ಹೋಗಿದೆ. ಹದ್ದವಾಢ, ಅಂದರೆ ಸೀಮೆ ವಿಸ್ತರಣೆ, ಆಗಲೇಬೇಕೆಂದು ಊರಿನವರು ಧರಣಿ ಕೂಡುತ್ತಾರೆ. ಆಗಕೂಡದೆಂದು ಹಳ್ಳಿಯವರು ಬಂದ್ ಮಾಡುತ್ತಾರೆ. ಎರಡೂ ಕಡೆಯ ಮುಖಂಡರು ಸಂಜೆ ಒಂದೇ ಅಂಗಡಿಯಲ್ಲಿ ಮಿಸಳ ತಿನ್ನುತ್ತಾರೆ, ಆ ಅಂಗಡಿ ಹದ್ದಿನ ಯಾವ ಕಡೆಗಿದೆ ಎಂದು ಮಾಲೀಕನಿಗೇ ಗೊತ್ತಿಲ್ಲ.

ಹಳ್ಳಿಯವರ ಅಭಿಪ್ರಾಯ ಕೇಳಿ. ಮಕ್ಕಳ ಶಾಲೆ ಊರಲ್ಲಿ, ಹಾಲು ಮಾರುವುದು ಊರಲ್ಲಿ, ಹತ್ತುವುದು ಊರಿನ ಕೆಎಂಟಿ ಬಸ್ಸು. ಹೊಲದಲ್ಲಿ ಪ್ಲಾಟ್ ಹಾಕಿ ಮಾರುವಾಗ ಬೋರ್ಡಿನ ಮೇಲೆ ‘ಕೊಲ್ಹಾಪುರದ ಹೃದಯಭಾಗದಿಂದ ಹತ್ತೇ ನಿಮಿಷ’. ಘರಫಾಳಾ, ಅಂದರೆ ಮನೆ ಕಂದಾಯ, ಕಟ್ಟುವ ಮಾತು ಬಂದೊಡನೆ “ನಾವು ಹಳ್ಳಿ ಮಂದಿ ಸಾಹೇಬ್ರ, ಶಗಣಿ ಬಳಿಯೋರು.” ಶಗಣಿ ಬಳಿಯಲು ನೆಲವೆಲ್ಲಿದೆ ಎಂದು ನೋಡಿದರೆ ಅಂಗಳದ ತುಂಬ ವಿಟ್ರಿಫೈಡ್ ಟೈಲ್ಸ್.

ಆದರೆ ಅವರು ತಿರುಗಿ ಕೇಳುವ ಪ್ರಶ್ನೆಗೆ ಪೇಟೆಯವರ ಬಳಿ ಉತ್ತರವಿಲ್ಲ: “ನಿಮ್ಮ ಊರಾಗ ಏನೈತಂತ ನಾವು ಬರೂಣು?” ಕಾಳಮ್ಮವಾಡಿ ಅಣೆಕಟ್ಟಿನಿಂದ ನೇರ ಪೈಪ್‌ಲೈನ್ ಬೇಕೆಂದು ಊರಿನವರು ದಶಕಗಟ್ಟಲೆ ಕೂಗಿದರು, ನೀರು ಬಂದು ಮುಟ್ಟಿದ್ದು 2023ರ ದೀಪಾವಳಿಯ ಹೊತ್ತಿಗೆ. ಇದ್ದವರಿಗೇ ಇಷ್ಟು ಕಾಯಿಸಿದ ಮನೆಗೆ ಹೊಸದಾಗಿ ಯಾರು ನೆಂಟರಾಗಿ ಬರುತ್ತಾರೆ? ಈ ಹದ್ದಿನ ಜಗಳಕ್ಕೆ 2017ರಲ್ಲೇ ಸರ್ಕಾರ ಮಧ್ಯದ ದಾರಿ ಹುಡುಕಿತ್ತು. ಹದ್ದವಾಢ ಬೇಡ, 42 ಹಳ್ಳಿ ಸೇರಿಸಿ ಒಂದು ಪ್ರಾಧಿಕಾರ ತಗೊಳ್ಳಿ ಎಂದಿತು. ಊರಿನವರಿಗೆ ಹದ್ದು ಸಿಗಲಿಲ್ಲವೆಂದು ಸಿಟ್ಟು. ಹಳ್ಳಿಯವರಿಗೆ ಗ್ರಾಮಪಂಚಾಯ್ತಿಯ ಕಟ್ಟೆಯ ಮೇಲೆ ಸಿಗುತ್ತಿದ್ದ ಮನೆ ಕಟ್ಟುವ ಪರವಾನಗಿಗೆ ಈಗ ಕಚೇರಿ ಅಲೆಯಬೇಕಾಯಿತೆಂದು ಸಿಟ್ಟು. ಎರಡು ಪಕ್ಷಗಳನ್ನು ಒಂದೇ ಆದೇಶದಲ್ಲಿ ಒಂದುಗೂಡಿಸಿದ ಕೀರ್ತಿ ಪ್ರಾಧಿಕಾರಕ್ಕೆ ಸಲ್ಲಬೇಕು.

ಈ ಊರಿನವರ ಅಭಿಪ್ರಾಯವೆಲ್ಲ ಹೀಗೇ ಎಂದರೆ ಅನ್ಯಾಯವಾದೀತು. ಖಾಸಗಿ ಕಂಪನಿ ಊರೊಳಗಿನ ರಸ್ತೆ ಮಾಡಿ 2013ರಲ್ಲಿ ಟೋಲ್ ವಸೂಲಿಗೆ ಇಳಿದಾಗ, ಮನೆಯಿಂದ ಮಂಡಿಗೆ ಹೋಗಲು ರೊಕ್ಕ ಯಾಕೆ ಕೊಡಬೇಕು ಎಂದು ಇಡೀ ಕೊಲ್ಹಾಪುರ ಬೀದಿಗೆ ಬಂತು. ಪ್ರೊ. ಎನ್.ಡಿ. ಪಾಟೀಲರಂಥ ಹಿರಿಯರು ಮುಂದೆ ನಿಂತರು, ಗೋವಿಂದರಾವ ಪಾನ್ಸರೆ ಜೊತೆಗಿದ್ದರು. 2015ರ ಫೆಬ್ರುವರಿಯಲ್ಲಿ ಪಾನ್ಸರೆಯವರು ಗುಂಡೇಟಿಗೆ ಬಲಿಯಾದರು. ಅದೇ ವರ್ಷದ ಕೊನೆಗೆ ಸರ್ಕಾರ ಟೋಲ್ ತೆಗೆಯಿತು. ಆ ಚಳವಳಿಯ ಬಗ್ಗೆ ವ್ಯಂಗ್ಯ ಬರೆಯಲು ನನ್ನ ಪೆನ್ನು ಏಳುವುದಿಲ್ಲ.

ಇಚಲಕರಂಜಿಗೆ ಹೋದರೆ ಕಥೆ ಉಲ್ಟಾ. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡ ಈ ಮಗ್ಗದ ಊರಿಗೆ 2022ರಲ್ಲಿ ಮಹಾನಗರಪಾಲಿಕೆಯ ದರ್ಜೆ ಬಂತು. ಪಟಾಕಿ ಹೊಡೆದರು, ಪೇಢೆ ಹಂಚಿದರು. ಕೈ ತೊಳೆಯಲು ನೀರಿರಲಿಲ್ಲ. ಪಂಚಗಂಗೆ ಮಗ್ಗದ ಬಣ್ಣ, ಊರೂರ ಕೊಳೆ ಹೊತ್ತು ಕೆಟ್ಟಿದೆ. 2012ರಲ್ಲಿ ಇಲ್ಲಿ ಕಾಮಾಲೆ ಹಬ್ಬಿ ಜನ ಸತ್ತರು. ವಾರಣಾ ನೀರು ತರೋಣವೆಂದರೆ ದಾನೋಳಿಯವರು ಅಡ್ಡ ನಿಂತರು. ಸುಳಕೂಡದಿಂದ ದೂಧಗಂಗೆ ತರೋಣವೆಂದರೆ ಕಾಗಲದವರು ಎದ್ದರು. ಹೊಲಕ್ಕೆ ನೀರು ಕಡಿಮೆಯಾದೀತೆಂಬ ಅವರ ಹೆದರಿಕೆ ಸುಳ್ಳೇನಲ್ಲ. ಆದರೆ ಹಾಗೆ ಅಡ್ಡ ನಿಂತವರಲ್ಲೇ ಅನೇಕರು ಮಗನಿಗೆಂದು ಇಚಲಕರಂಜಿಯಲ್ಲಿ ಟು ಬಿಎಚ್‌ಕೆ ಬುಕ್ ಮಾಡಿದ್ದಾರೆ, ನಲ್ಲಿ ತಿರುವಿದರೆ ಗಾಳಿ ಬರುತ್ತದೆಂದು ಬಿಲ್ಡರನ ಮೇಲೆ ಹರಿಹಾಯುತ್ತಾರೆ. ಬ್ರೋಶರಿನಲ್ಲಿ ಸ್ವಿಮಿಂಗ್ ಪೂಲ್ ಇದೆ. ಮಗ್ಗಗಳನ್ನು ಗುಜರಿಗೆ ಹಾಕಿ ಶೆಡ್ಡಿನ ಜಾಗ ಬಿಲ್ಡರನಿಗೆ ಕೊಡಲು ಕೂತ ಒಬ್ಬ ಕಾಕಾ ನನಗೆ ಸಮಾಧಾನ ಹೇಳಿದರು: “ಪೂಲ್‌ನಾಗ ನೀರು ಯಾಕ ಬೇಕ್ರೀ? ಪೂಲ್ ಐತಿ ಅಂದ್ರ ಸಾಕು, ರೇಟು ಬರ್ತೈತಿ.”

ಗಡಹಿಂಗ್ಲಜ ಇವೆರಡಕ್ಕಿಂತ ಚಿಕ್ಕದು, ಆಸೆ ಮಾತ್ರ ಚಿಕ್ಕದಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಹಿರಣ್ಯಕೇಶಿಯ ದಂಡೆ, ಮೆಣಸಿನಕಾಯಿ ಮಾರುಕಟ್ಟೆ, ಫುಟ್ಬಾಲ್ ಹುಚ್ಚು. ಸಂಕೇಶ್ವರ–ಬಾಂದಾ ರಸ್ತೆ ಹೆದ್ದಾರಿಯಾಗಿ ಅಗಲವಾದ ಮೇಲೆ ಇಲ್ಲಿಯ ದಲಾಲರ ಭೂಗೋಳ ಬದಲಾಗಿದೆ. “ಇತ್ಲಾಗ ಗೋವಾ ಎರಡ ತಾಸು, ಅತ್ಲಾಗ ಕೊಲ್ಹಾಪುರದಾಗ ಹೈಕೋರ್ಟಿನ ಸರ್ಕಿಟ್ ಬೆಂಚ್ ಆಗೇತಿ, ನಡಬರಕ ನಿಮ್ಮ ಪ್ಲಾಟು.” 2025ರ ಆಗಸ್ಟ್‌ನಲ್ಲಿ ಬೆಂಚ್ ಶುರುವಾದಾಗ ಆರು ಜಿಲ್ಲೆಯ ವಕೀಲರು ನ್ಯಾಯ ಮನೆಬಾಗಿಲಿಗೆ ಬಂತೆಂದು ಹಿಗ್ಗಿದರು. ದಲಾಲರು ಬಾಗಿಲಿನ ರೇಟು ಏರಿಸಿದರು. ಕಬ್ಬಿನ ಹೊಲ ಒಂದೊಂದು ಗುಂಟೆಯಾಗಿ ಒಡೆಯುತ್ತದೆ. 1947ರ ತುಕಡೆಬಂದಿ ಕಾಯ್ದೆ ಹೀಗೆ ಒಡೆಯಬೇಡಿ ಎನ್ನುತ್ತದೆ, ಆದ್ದರಿಂದ ಸಾತ್‌ಬಾರಾ ಎಂಬ ಪಹಣಿ ಒಂದೇ ಇಟ್ಟು ಹೆಸರು ಇಪ್ಪತ್ತು ಬರೆಸುತ್ತಾರೆ, ಜಾತ್ರೆಯ ಪಟ್ಟಿ ಬರೆದಂತೆ. ಮುಂದೆ ಇಂಥ ತುಂಡುಗಳನ್ನು ಸಕ್ರಮ ಮಾಡುವ ಗುಂಠೇವಾರಿ ಕಾಯ್ದೆ ಇದ್ದೇ ಇದೆ. 2001ರಲ್ಲಿ ಬಂದ ಅದರ ಗಡುವನ್ನು ಎಳೆದು 2020ರ ಡಿಸೆಂಬರ್ 31ಕ್ಕೆ ತಂದಿದ್ದಾರೆ. ತಪ್ಪು ಮಾಡಿ ತಾಳ್ಮೆಯಿಂದ ಕೂತರೆ ಕಾಯ್ದೆಯೇ ನಡೆದು ಬರುತ್ತದೆಂದು ಜನ ನಂಬಿದ್ದರೆ ಜನರ ತಪ್ಪೇನು?

ನಾಗರಿಕರ ಅಭಿಪ್ರಾಯವನ್ನು ಸರ್ಕಾರವೇ ಕೈಮುಗಿದು ಕೇಳುವ ಒಂದು ಸಂದರ್ಭವುಂಟು. ಊರಿನ ವಿಕಾಸ ಆರಾಖಡಾ, ಅಂದರೆ ಅಭಿವೃದ್ಧಿ ಯೋಜನೆಯ ಕರಡು, ಪ್ರಕಟವಾದರೆ, 1966ರ ನಗರರಚನಾ ಕಾಯ್ದೆಯಂತೆ 30 ದಿನದೊಳಗೆ ಯಾರು ಬೇಕಾದರೂ ಹರಕತ್ತು (ಆಕ್ಷೇಪಣೆ), ಸೂಚನೆ ಸಲ್ಲಿಸಬಹುದು. ಉದ್ಯಾನ ಬೇಕೆಂದು ಸೂಚನೆ, ಉದ್ಯಾನ ನನ್ನ ಹೊಲದಲ್ಲಿ ಬೇಡವೆಂದು ಹರಕತ್ತು, ಹೆಚ್ಚಿನ ಅರ್ಜಿಗಳಲ್ಲಿ ಎರಡೂ ಒಂದೇ ಹಾಳೆಯ ಮೇಲೆ. ಮೀಸಲಿಟ್ಟ ಜಾಗವನ್ನು ಹತ್ತು ವರ್ಷದಲ್ಲಿ ಕೊಳ್ಳದಿದ್ದರೆ ಮಾಲೀಕ ನೋಟಿಸು ಕೊಟ್ಟು, ಮತ್ತೆ 24 ತಿಂಗಳು ಕಾದು ಬಿಡಿಸಿಕೊಳ್ಳಬಹುದು. ಹೀಗಾಗಿ ನಮ್ಮ ಊರುಗಳಲ್ಲಿ ಉದ್ಯಾನಗಳು ನಕಾಶೆಯಲ್ಲೇ ಹುಟ್ಟಿ, ಹಸಿರು ಬಣ್ಣದಲ್ಲೇ ಬೆಳೆದು, ಹನ್ನೆರಡನೇ ವರ್ಷಕ್ಕೆ ತೀರಿಕೊಳ್ಳುತ್ತವೆ.

ಗಡಹಿಂಗ್ಲಜ ಕಡೆಯ ಇಬ್ಬರು ಬೀಗರು ಇಂಥದ್ದೇ ಅರ್ಜಿ ಹಾಕಿದ್ದರು. ಹೆಸರು ಬೇಡ, ಎರಡೂ ಮನೆಯಲ್ಲಿ ಉಂಡಿದ್ದೇನೆ. ಒಂದೇ ರಸ್ತೆಯ ಎದುರುಬದುರು ಮನೆ. ರಸ್ತೆ ಅಗಲವಾಗಬೇಕೆಂಬುದರಲ್ಲಿ ಇಬ್ಬರದೂ ಒಂದೇ ಮತ, ಎದುರಿನ ಕಡೆಯಿಂದ ಜಾಗ ತಗೊಳ್ಳಿ ಎಂಬುದರಲ್ಲೂ ಒಂದೇ ಮತ. ಇಬ್ಬರೂ ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಹೋದರು. “ಬೀಗರ, ನಿಮ್ಮ ಅರ್ಜಿ ಎಷ್ಟ ಪಾನಿಂದು?” “ಎರಡ ಪಾನು.” “ನಂದೂ ಎರಡs.” ಝೆರಾಕ್ಸ್ ಅಂಗಡಿಯ ಹುಡುಗ ಹಿಂದಿನ ಹಾಳೆಗಳನ್ನು ಅದಲುಬದಲು ಮಾಡಿ ಪಿನ್ ಹೊಡೆದ. ಸಂಜೆ ಮನೆಗೆ ಬಂದು ಸ್ವೀಕೃತಿಯ ಪ್ರತಿ ಓದಿಕೊಂಡರೆ, ಇಬ್ಬರೂ ತಮ್ಮ ತಮ್ಮ ಅಂಗಳವನ್ನೇ ರಸ್ತೆಗೆ ಬಿಟ್ಟುಕೊಡುವುದಾಗಿ ಸರ್ಕಾರಕ್ಕೆ ನಮ್ರವಾಗಿ ವಿನಂತಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ಅದೇ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ ಇಬ್ಬರೂ ಕೂಡಿ ಸಹಿ ಮಾಡಿದ ಹೊಸ ಹರಕತ್ತು ಕೊಟ್ಟುಬಂದರು. ಝೆರಾಕ್ಸ್ ಅಂಗಡಿ ರಸ್ತೆಯ ಮೇಲೆ ಅತಿಕ್ರಮಣ ಮಾಡಿದೆಯಂತೆ.