ಗುಂಗುರು ಶಿರೋಮಣಿ

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಲಿಫ್ಟಿನ ಬಾಗಿಲು ತೆರೆದರೆ ಮೊದಲು ಕೂದಲು ಒಳಗೆ ಬರುತ್ತದೆ, ಹಿಂದಿನಿಂದ ಅವರು. ನಿಜವಾದ ಹೆಸರು ಏನೇ ಇರಲಿ, ನಾವು ಶಿರೋಮಣಿ ಅನ್ನೋಣ. ವಯಸ್ಸು ಮೂವತ್ತರ ಆಸುಪಾಸು, ಕಸುಬು ಸಾಫ್ಟ್‌ವೇರು, ವ್ರತ ಕೂದಲು.

ದೀಕ್ಷೆ ಪಡೆಯುವ ಮುಂಚೆ ಶಿರೋಮಣಿ ಪಟ್ಟ ಪಾಡು ಸಣ್ಣದಲ್ಲ. ಶಾಲೆಯಲ್ಲಿ ‘ಸಾಯಿಬಾಬಾ’ ಅನ್ನಿಸಿಕೊಂಡು, ಮನೆಯಲ್ಲಿ ‘ಕಾಗೆಗೂಡು’ ಅನ್ನಿಸಿಕೊಂಡು, ದಿನಾ ಬೆಳಿಗ್ಗೆ ಅಮ್ಮನ ಮುಂದೆ ಕೂತು ಬಾಚಣಿಗೆಯ ಹಲ್ಲು ಮುರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡೇ ಎರಡು ಜಡೆ ಹಾಕಿಸಿಕೊಂಡವರು. ಕಾಲೇಜಿಗೆ ಬಂದಾಗ ಪಾರ್ಲರಿನಾಕೆ ‘ಸ್ಮೂತನಿಂಗ್ ಮಾಡಿಸಿ, ಆಮೇಲೆ ನಿಮ್ಮನ್ನ ನೀವೇ ಗುರುತು ಹಿಡಿಯಲ್ಲ’ ಎಂದಳು. ಮಾಡಿಸಿದರು. ಕೂದಲು ಕೆಲವು ತಿಂಗಳು ನೆಟ್ಟಗೆ ನಿಂತಿತು, ಬುಡದಲ್ಲಿ ಹೊಸದು ಮಾತ್ರ ಗುಂಗುರಾಗಿಯೇ ಹುಟ್ಟಿತು. ಹುಟ್ಟದೆ ಏನು ಮಾಡುತ್ತದೆ? ಕೂದಲಿಗೆ ಸುರುಳಿ ಬರುವುದು ಚರ್ಮದೊಳಗಿನ ಬುಡದ ಬಾಗಿದ ಆಕಾರದಿಂದ. ಪಾರ್ಲರಿನ ಔಷಧ ಹೊರಗಿದ್ದ ಕೂದಲನ್ನಷ್ಟೇ ನೆಟ್ಟಗೆ ಮಾಡೀತು.

ಅಷ್ಟರಲ್ಲಿ 2015 ಬಂತು, ‘ಪ್ರೇಮಂ’ ಬಂತು. ಅನುಪಮಾ ಪರಮೇಶ್ವರನ್ ತಮ್ಮ ಗುಂಗುರು ಕೂದಲನ್ನು ಇದ್ದ ಹಾಗೇ ಬಿಟ್ಟುಕೊಂಡು ಪರದೆಯ ಮೇಲೆ ಓಡಾಡಿದರು. ಮಲಯಾಳಂ ಒಂದಕ್ಷರ ಬಾರದ ನಮ್ಮ ಹುಡುಗರೆಲ್ಲ ನಿಟ್ಟುಸಿರು ಬಿಟ್ಟರು. ಶಿರೋಮಣಿ ಮನೆಗೆ ಬಂದು, ಕೂದಲು ಬಿಚ್ಚಿ, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಮನೆಯವರ ಕಷ್ಟ ಶುರುವಾದದ್ದು ಅಲ್ಲಿಂದ.

ಈ ಮತಕ್ಕೊಂದು ಮೂಲಗ್ರಂಥ ಉಂಟು. ನ್ಯೂಯಾರ್ಕಿನ ಕೇಶವಿನ್ಯಾಸಕಿ ಲೊರೇನ್ ಮ್ಯಾಸಿ 2001ರಲ್ಲಿ ಹೊರತಂದ ‘ಕರ್ಲಿ ಗರ್ಲ್’. ಗೋತ್ರಪ್ರವರವೂ ಉಂಟು. ಓಪ್ರಾ ವಿನ್‌ಫ್ರೀ ಅವರ ಕೂದಲು ನೋಡಿಕೊಳ್ಳುತ್ತಿದ್ದ ಆಂಡ್ರೆ ವಾಕರ್ ಜಗತ್ತಿನ ಕೂದಲನ್ನೆಲ್ಲ ನಾಲ್ಕು ಬಗೆಯಾಗಿ ವಿಂಗಡಿಸಿದರು, ಅದರೊಳಗೆ ಎ, ಬಿ, ಸಿ ಎಂಬ ಪಾದಗಳು ಬಂದವು. ಶಿರೋಮಣಿ ಹೊಸಬರಿಗೆ ಕೈಮುಗಿಯುವ ಮೊದಲೇ ‘ನಾನು 3ಬಿ, ನೆತ್ತಿಯ ಹತ್ತಿರ ಸ್ವಲ್ಪ 3ಎ’ ಎಂದು ಪ್ರವರ ಹೇಳಿಬಿಡುತ್ತಾರೆ. ಎದುರಿನವರ ತಲೆ ಬೋಳಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರ ಗಂಡನ ವಿಷಯದಲ್ಲಿ ಆಗಿರುವುದೂ ಅದೇ.

ಭಾನುವಾರ ಮಡಿಯ ದಿನ. ಶಾಂಪೂವಿನಲ್ಲಿ ಸಲ್ಫೇಟ್ ಇದ್ದರೆ ಮೈಲಿಗೆ, ಕಂಡಿಷನರಿನಲ್ಲಿ ಸಿಲಿಕೋನ್ ಇದ್ದರೆ ಇನ್ನೂ ದೊಡ್ಡ ಮೈಲಿಗೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಾಟಲಿ ತಿರುಗಿಸಿ, ಇರುವೆ ಸಾಲಿನ ಅಕ್ಷರಗಳಲ್ಲಿ ‘ಕೋನ್’ ಎಂದು ಮುಗಿಯುವ ಶಬ್ದ ಕಂಡರೆ ಬೆಂಕಿ ಮುಟ್ಟಿದವರಂತೆ ವಾಪಸ್ ಇಡುತ್ತಾರೆ. ಕಾರಣ ಇಲ್ಲವೆಂದಲ್ಲ. ನೆಟ್ಟನೆಯ ಕೂದಲಲ್ಲಿ ನೆತ್ತಿಯ ಎಣ್ಣೆ ಸರಾಗವಾಗಿ ತುದಿಯತ್ತ ಇಳಿಯುತ್ತದೆ. ಗುಂಗುರಿನಲ್ಲಿ ಅದು ಶಿರಾಡಿ ಘಾಟಿಯ ಲಾರಿ, ಒಂದಲ್ಲ ಒಂದು ತಿರುವಿನಲ್ಲಿ ನಿಂತೇ ಬಿಡುತ್ತದೆ. ಹಾಗಾಗಿ ತುದಿ ಸದಾ ಒಣಒಣ. ಇದ್ದಬದ್ದ ಎಣ್ಣೆಯನ್ನೂ ಸಲ್ಫೇಟ್ ತೊಳೆದುಹಾಕಿದರೆ ಉಳಿಯುವುದು ತೆಂಗಿನ ನಾರು.

ಮಿಂದು ಬಂದ ಮೇಲೆ ಯಾರೂ ಮುಟ್ಟುವಂತಿಲ್ಲ. ಟವೆಲ್ ನಿಷಿದ್ಧ, ಅದು ಕೂದಲನ್ನು ಕೆದರಿಸುತ್ತದೆ. ಗಂಡನಿಗೆ ಆಫೀಸಿನ ಮ್ಯಾರಥಾನ್‌ನಲ್ಲಿ ಸಿಕ್ಕ ಹತ್ತಿಯ ಟೀ ಶರ್ಟೇ ರುಮಾಲು. ಒದ್ದೆಯಾದಾಗ ಕೂದಲಿನೊಳಗಿನ ಸಣ್ಣ ಕೊಂಡಿಗಳು ಕಳಚಿ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಹೇಗೆ ಬಿಟ್ಟರೆ ಹಾಗೆ. ಆದ್ದರಿಂದ ಕಾಲಿಂಗ್ ಬೆಲ್ ಬಡಿದರೂ, ಕುಕ್ಕರ್ ಕೂಗಿದರೂ ಶಿರೋಮಣಿ ಕತ್ತು ತಿರುಗಿಸದೆ ‘ಇನ್ನೂ ಒಣಗಿಲ್ಲ, ಮುಟ್ಟಬೇಡಿ’ ಎನ್ನುತ್ತ ಗೋಡೆ ಪಕ್ಕದಲ್ಲೇ ಸರಿದಾಡುತ್ತಾರೆ. ಅವರ ಅಜ್ಜಿಯೂ ಒದ್ದೆ ಸೀರೆಯಲ್ಲಿ ಇದೇ ಮಾತು ಹೇಳುತ್ತ ಹೀಗೇ ಸರಿದಾಡುತ್ತಿದ್ದರಂತೆ. ಅಜ್ಜಿಯ ಮಡಿ ಪೂಜೆ ಮುಗಿಯುವವರೆಗೆ ಇರುತ್ತಿತ್ತು. ಇದು ಸೋಮವಾರದ ಸ್ಟ್ಯಾಂಡ್‌ಅಪ್ ಮೀಟಿಂಗಿನವರೆಗೆ.

ಧಾರವಾಡದ ಅತ್ತೆಗೂ ಸೊಸೆಗೂ ಅಗಸೆ ಬೀಜದ ವಿಚಾರಕ್ಕೆ ಶೀತಲ ಸಮರ. ಅತ್ತೆಗೆ ಅಗಸಿ ಎಂದರೆ ಹುರಿದು, ಖಾರ ಬೆರೆಸಿ ಕುಟ್ಟಿ, ರೊಟ್ಟಿಯ ಪಕ್ಕದಲ್ಲಿ ಇಡುವ ಹಿಂಡಿ. ಸೊಸೆಗೆ ಅದು ಕುದಿಸಿ, ಸೋಸಿ, ಲೋಳೆ ತೆಗೆದು ತಲೆಗೆ ಹಚ್ಚುವ ಜೆಲ್. ‘ಅಯ್ಯ ನಮ್ಮವ್ವ, ಅಗಸಿ ಹುರಿಯೂದು ಬಿಟ್ಟು ಕುದಸಲಿಕ್ಕೆ ಹತ್ತೀಯಲ್ಲ, ಏನಾಗೇದ ನಿನಗ?’ ಎಂದು ಅತ್ತೆ ಕೇಳಿದ ದಿನದಿಂದ ಡಬ್ಬಿಗಳು ಬೇರೆಯಾದವು. ಗಂಡ ಮಾತ್ರ ಒಂದು ರಾತ್ರಿ ಫ್ರಿಜ್ಜು ತೆಗೆದು ಆ ಲೋಳೆಯನ್ನು ರೊಟ್ಟಿಗೆ ಹಚ್ಚಿ ತಿಂದು, ಉಪ್ಪು ಕಡಿಮೆ ಎಂದರು.

ಶಿರೋಮಣಿಗೆ ಹವಾಮಾನಶಾಸ್ತ್ರವೂ ಬರುತ್ತದೆ. ಮಳೆ ಬರುತ್ತದೋ ಇಲ್ಲವೋ ಅವರಿಗೆ ಬೇಡ, ನೋಡುವುದು ಇಬ್ಬನಿ ಬಿಂದು ಎಷ್ಟೆಂದು. ತೇವ ಹೆಚ್ಚಿರುವ ಕಡೆ ಗ್ಲಿಸರಿನ್ ಹಚ್ಚಿ ಹೋದರೆ ಅದು ಗಾಳಿಯ ನೀರನ್ನೆಲ್ಲ ಎಳೆದು ಕೂದಲಿಗೆ ತುಂಬುತ್ತದೆ. ಮಂಗಳೂರಿನ ಮದುವೆಯ ಫೋಟೋಗಳಲ್ಲಿ ಹಿಂದಿನ ಸಾಲಿನ ಮೂವರು ಬಂಧುಗಳು ಕಾಣೆಯಾಗಿರುವುದು ಈ ಗ್ಲಿಸರಿನ್ನಿನ ಕೃಪೆ. ನೀರಿನ ಜ್ಞಾನವಂತೂ ಜಲಮಂಡಳಿಯವರಿಗೂ ಇರಲಾರದು. ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂರುತ್ತದೆಂದು ಷವರಿಗೊಂದು ಫಿಲ್ಟರು ಕಟ್ಟಿದ್ದಾರೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದಾಗ ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆ ಕುಡಿಯುವ ನೀರು ಬರುತ್ತದೆಂಬ ಖುಷಿ. ಶಿರೋಮಣಿಗೆ ಕಂಡಿಷನರ್ ತೊಳೆಯುವ ನೀರು ಬಂತೆಂಬ ಖುಷಿ.

ಅಜ್ಜಿಯದು ಸಾಗರದ ಕಡೆ. ದಾಸವಾಳದ ಎಲೆ, ಮತ್ತಿ ಸೊಪ್ಪು ಕಿವುಚಿ ಲೋಳೆ ತೆಗೆದು ತಲೆಗೆ ಹಾಕಿ ಎಂಬತ್ತು ದಾಟಿದವರು. ನರಕ ಚತುರ್ದಶಿಯ ದಿನ ಬಿಸಿ ಕೊಬ್ಬರಿ ಎಣ್ಣೆ ಹಿಡಿದು ಬಂದರೆ ಮೊಮ್ಮಗಳು ಓಡುತ್ತಿದ್ದರು. ಆಮೇಲೆ ಒಂದು ದಿನ 2003ರ ಸಂಶೋಧನಾ ಲೇಖನವೊಂದು ಕೈಗೆ ಸಿಕ್ಕಿತು. ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿದು ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಖನಿಜತೈಲ ಮತ್ತು ಸೂರ್ಯಕಾಂತಿ ಎಣ್ಣೆ ಹಾಗೆ ಮಾಡುವುದಿಲ್ಲ ಎಂದಿತ್ತು. ಆ ವರ್ಷ ಶಿರೋಮಣಿ ತಾವಾಗಿ ಬಂದು ಮಣೆಯ ಮೇಲೆ ಕೂತು, ‘ಅಜ್ಜಿ, ಪ್ರೀ-ಪೂ ಮಾಡು’ ಎಂದರು. ಶಾಂಪೂವಿಗೆ ಮುಂಚೆ ಎಣ್ಣೆ ಹಚ್ಚುವುದಕ್ಕೆ ಈ ಮತದಲ್ಲಿ ಅದೇ ಹೆಸರು. ಅಜ್ಜಿಗೆ ಕಿವಿ ಮಂದ, ‘ಪೂಜೆ ಆಯ್ತೇ, ಎಣ್ಣೆ ಹಾಕ್ತೆ ಬಾ’ ಎಂದರು. ಇಬ್ಬರಿಗೂ ಸಂತೋಷವಾಯಿತು. ಅಜ್ಜಿ ಬಿಟ್ಟಿಯಾಗಿ ಕೊಡುತ್ತಿದ್ದ ದಾಸವಾಳದ ಲೋಳೆ ಈಗ ಚಿತ್ರವಿರುವ ಬಾಟಲಿಯಲ್ಲಿ ಮನೆಗೆ ಬರುತ್ತದೆ, ಬಿಲ್ಲು ಮಾತ್ರ ಗಂಡ ನೋಡದ ಹಾಗೆ.

ನಗುತ್ತೇವೆ, ಸರಿ. ಆದರೆ ನನ್ನ ಮತ ಶಿರೋಮಣಿಯ ಕಡೆಗೇ. ಆ ಮನೆಯಲ್ಲಿ ಈಗ ಎಲ್‌ಕೇಜಿಗೆ ಹೋಗುವ ಒಂದು 3ಬಿ ಇದೆ. ಅದರ ಕೂದಲಿಗೆ ಒದ್ದೆಯಿದ್ದಾಗ, ಕಂಡಿಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಾಚುತ್ತಾರೆ. ಆ ಮಗು ಬೆಳಿಗ್ಗೆ ಅಳುವುದು ಶಾಲೆಗೆ ಹೋಗಬೇಕಲ್ಲಾ ಎಂದು ಮಾತ್ರ.

ಒಂದೇ ವಿನಂತಿ. ಶಿರೋಮಣಿ ಎದುರಿಗೆ ಸಿಕ್ಕರೆ ‘ಇದು ಒರಿಜಿನಲ್ಲಾ?’ ಎಂದು ಒಂದು ಸುರುಳಿಯನ್ನು ಎಳೆದು ನೋಡಬೇಡಿ. ಸುರುಳಿ ಕೆಟ್ಟರೆ ಮುಂದಿನ ಭಾನುವಾರದವರೆಗೆ ಸರಿಹೋಗುವುದಿಲ್ಲ, ಅಲ್ಲಿಯವರೆಗೆ ಅದರ ಕಥೆಯನ್ನು ಲಿಫ್ಟಿನಲ್ಲಿ ನೀವೇ ಕೇಳಬೇಕಾಗುತ್ತದೆ.