ಲಕ್ಷ ಮಂದಿ ಬಂದ್ರ ಏನ್ ಮಾಡ್ಲಿ?

ಗಜೇಂದ್ರಗಡದ ನನ್ನ ಸೋದರಳಿಯ ಸೀರಿ ಮಾರಾಕ ವರ್ಡ್‌ಪ್ರೆಸ್ ವೆಬ್‌ಸೈಟ್ ಮಾಡ್ತಾನಂತ. ಸೈಟ್ ಇನ್ನೂ ಕಣ್ಣು ಬಿಟ್ಟಿಲ್ಲ, ಸರ್ವರ್ ಮಾತ್ರ ಹದಿನಾರು ಕೋರಿಂದೇ ಬೇಕಂತ.

"ಒಮ್ಮಿಗೇ ಲಕ್ಷ ಮಂದಿ ಬಂದ್ರ ಏನ್ ಮಾಡ್ಲಿ ಮಾಮಾ?"

ಸದ್ಯಕ್ಕ ಬರಾವ್ರು ಅಂದ್ರ ಅಂವ, ಅವನ ಹೇಂತಿ, ಮತ್ತ ಗೂಗಲ್‌ನ ಬಾಟ್.

"ಕಾಲಕಾಲೇಶ್ವರ ಜಾತ್ರಿಗೆ ಬಸ್ ಹೆಚ್ಚಿಗಿ ಬೇಕಂತ ವರ್ಷಪೂರ್ತಿ ರೋಣದ ಸ್ಟ್ಯಾಂಡಿನ್ಯಾಗ ಚಾಲೂ ಇಟ್ಟು ಡೀಸೆಲ್ ಸುಡ್ತಾರೇನಪಾ?" ಅಂದೆ. ಕ್ಲೌಡ್‌ನ್ಯಾಗೂ ಸಣ್ಣ ಸರ್ವರ್ ಹಿಡಿ. ದೀಪಾವಳಿಗೆ ಹಿಗ್ಗಿಸು, ಮುಗಿದ ಕೂಡ್ಲೆ ಕುಗ್ಗಿಸು. ಹಿಗ್ಗಿಸೋದು ಎಲ್ಲಾರಿಗೂ ನೆನಪಿರ್ತೈತಿ, ಕುಗ್ಗಿಸೋದನ್ನ ಬಿಲ್ಲೇ ನೆನಪಿಸಬೇಕು.

ಇನ್ನ ಸರ್ವರ್ ಎಲ್ಲಿರಬೇಕು? ಕ್ಲೌಡ್ ಕೊಡೋ ಅಮೆಜಾನ್‌ನವ್ರು 2016ರಾಗ ಮುಂಬೈಯಾಗ, 2022ರಾಗ ಹೈದರಾಬಾದಿನ್ಯಾಗ ಡೇಟಾ ಕೇಂದ್ರ ತೆರೆದಾರ. ಗಿರಾಕಿ ನರಗುಂದದಾಗ ಇರೋವಾಗ ಸರ್ವರ್ ಅಮೆರಿಕದಾಗ ಯಾಕ?

ಖರೇ ತ್ರಾಸು ಫೋಟೋದ್ದು. ಒಂದೊಂದು ಸೀರಿ ಚಿತ್ರ 8 ಎಂಬಿ! ಪುಟ ತೆರೆಯೋದ್ರೊಳಗ ಅಕ್ಕಾರು ಪ್ಯಾಟಿಗೆ ಹೋಗಿ, ಚೌಕಾಸಿ ಮಾಡಿ, ಬ್ಯಾರೆ ಸೀರಿ ಉಟಗೊಂಡು ಬಂದಿರ್ತಾರ. ಚಿತ್ರ ಸಣ್ಣ ಮಾಡಿ ಕ್ಯಾಶ್ ಹಚ್ಚಿದ್ರ, ಪ್ರತಿ ಸಲ ಡೇಟಾಬೇಸ್ ಎಬ್ಬಿಸೋ ಕೆಲಸಿಲ್ಲ. ಎರಡು ಕೋರು ಧಾರಾಳ ಆತು.

"ಬ್ಯಾಕಪ್ ಎಲ್ಲಿಟ್ಟೀಯೋ?"

"ಅದೇ ಸರ್ವರ್‌ನ್ಯಾಗ ಐತಲ್ಲ ಮಾಮಾ!"

"ಸರ್ವರೇ ಹೋತಂದ್ರ?"

ಅಂವ ತಲಿ ಕೆರಕೊಂಡು, "ಚಾ ಹೇಳ್ಲೇನು?" ಅಂದ.